ಕಿವಿಗೊತ್ತಿದ ಮೊಬೈಲಿಗೂ ಒಂದು ಲಕ್ಷ್ಮಣರೇಖೆ

ರಾತ್ರಿ ಹನ್ನೊಂದೂವರೆಯ ಸುಮಾರಿಗೆ ಮುಂಬಯಿಯ ಹೋಟೆಲುಗಳ ಬಾಗಿಲುಗಳು ಒಂದೊಂದಾಗಿ ಮುಚ್ಚುತ್ತವೆ. ಮೇಜುಗಳನ್ನು ಒರೆಸಿ, ಕುರ್ಚಿಗಳನ್ನು ಮಗುಚಿ ಮೇಲೇರಿಸಿ, ನೆಲ ತೊಳೆದು, ಮರುದಿನದ ಇಡ್ಲಿಯ ಹಿಟ್ಟನ್ನು ಮುಚ್ಚಿಟ್ಟ ಮೇಲೆ ನಮ್ಮ ಕನ್ನಡ ಬಂಧುಗಳಿಗೆ ಅರ್ಧ ತಾಸು ಸ್ವಂತದ್ದೆಂದು ದೊರೆಯುತ್ತದೆ. ಹಿಂದಿನ ಕಾಲದಲ್ಲಿ ಅದು ಊರಿಗೆ ಕಾಗದ ಬರೆಯುವ ವೇಳೆಯಾಗಿತ್ತು. ಇಂದು ಅದು ಮೊಬೈಲಿನ ವೇಳೆ. ಹೆಂಡತಿಯ ಕ್ಷೇಮ, ತಾಯಿಯ ಮೊಣಕಾಲು ನೋವು, ಮಗಳ ಪರೀಕ್ಷೆ, ಗದ್ದೆಯ ನಾಟಿ, ಇವೆಲ್ಲವೂ ಆ ಅರ್ಧ ತಾಸಿನಲ್ಲಿಯೇ ಕಿವಿಗೆ ಬೀಳಬೇಕು.

ಆ ಅರ್ಧ ತಾಸಿನ ಮೇಲೆಯೇ ಭಯದ ನೆರಳು ಬಿದ್ದಿದೆಯೆಂದು ಹೇಳಿಕೊಂಡು ಓದುಗರೊಬ್ಬರು ಇತ್ತೀಚೆಗೆ ನಮ್ಮ ಕಚೇರಿಗೆ ಬಂದರು. ಕುಂದಾಪುರದ ಕಡೆಯವರು, ಮಾಣಿಯಾಗಿ ಮುಂಬಯಿಗೆ ಬಂದು, ರಾತ್ರಿಶಾಲೆಯಲ್ಲಿ ಓದಿ, ಈಗ ಹೋಟೆಲೊಂದರ ಗಲ್ಲಾದಲ್ಲಿ ಕುಳಿತುಕೊಳ್ಳುವವರು. ಮೊಬೈಲಿನಿಂದ ಮೆದುಳಿಗೆ ಕ್ಯಾನ್ಸರು ಬರುತ್ತದೆಂಬ ಸಂದೇಶವೊಂದನ್ನು ಊರಿನಲ್ಲಿ ಓದಿದ ಅವರ ಮಗಳು, "ಅಪ್ಪಯ್ಯಾ, ಇನ್ನು ದಿನಾ ಫೋನು ಮಾಡಬೇಡಿ, ವಾರಕ್ಕೊಮ್ಮೆ ಸಾಕು" ಎಂದಳಂತೆ. ಅದೇ ಸಮಯಕ್ಕೆ ಹೋಟೆಲಿನ ಎದುರಿನ ಕಟ್ಟಡದ ಮಾಳಿಗೆಯ ಮೇಲೆ ಹೊಸ ಟವರೊಂದು ಎದ್ದು ನಿಂತಿತು. ಫುಟ್‌ಪಾತಿನ ವ್ಯಾಪಾರಿಯೊಬ್ಬನು ಈ ಭಯವನ್ನು ಕಂಡು, ವಿಕಿರಣವನ್ನು ತಡೆಯುವುದೆಂಬ ಸ್ಟಿಕರೊಂದನ್ನು ಮೊಬೈಲಿನ ಬೆನ್ನಿಗೆ ಅಂಟಿಸಿ, ಅವರ ಒಂದು ದಿನದ ಸಂಪಾದನೆಯನ್ನೇ ಕಿತ್ತುಕೊಂಡಿದ್ದನು.

"ಸ್ವಾಮೀ, ದಿನಕ್ಕೆ ಎಷ್ಟು ಹೊತ್ತು ಮಾತನಾಡಿದರೆ ಬಾಧಕವಿಲ್ಲ? ಸರಕಾರದವರು ಏನಾದರೂ ಲೆಕ್ಕ ಮಾಡಿ ಇಟ್ಟಿದ್ದಾರೆಯೇ?" ಎಂಬುದು ಅವರ ಪ್ರಶ್ನೆ.

ಪ್ರಶ್ನೆ ಅವರೊಬ್ಬರದೇ ಅಲ್ಲ. ಹೋಟೆಲು ಕಾರ್ಮಿಕರಿಂದ ಹಿಡಿದು ಕಚೇರಿಯ ಗುಮಾಸ್ತರವರೆಗೆ ನಮ್ಮವರಲ್ಲಿ ಮೊಬೈಲು ಇಲ್ಲದವರು ವಿರಳ. ಆದುದರಿಂದ ಅವರಿಗೆ ಹೇಳಿದ ಉತ್ತರವನ್ನು ಎಲ್ಲ ವಾಚಕರ ಮುಂದೆಯೂ ಇಡುವುದು ಉಚಿತವೆಂದು ತೋರಿತು.

ಗಂಟೆಯ ಲೆಕ್ಕವಲ್ಲ, ಕಾವಿನ ಲೆಕ್ಕ

ಸರಕಾರವು ಲೆಕ್ಕವೊಂದನ್ನು ಮಾಡಿಟ್ಟಿರುವುದು ನಿಜ. ಆದರೆ ಆ ಲೆಕ್ಕದಲ್ಲಿ ತಾಸು, ನಿಮಿಷಗಳ ಮಾತಿಲ್ಲ. ಇರುವುದು ಕಾವಿನ ಮಾತು. ಇದನ್ನು ತಿಳಿಯಬೇಕಾದರೆ ಮೊಬೈಲು ಮಾಡುವ ಕೆಲಸವನ್ನು ಕೊಂಚ ನೋಡಬೇಕು.

ಮೊಬೈಲು ಒಂದು ಪುಟ್ಟ ರೇಡಿಯೋ ನಿಲಯ. ಆಕಾಶವಾಣಿಯ ಕೇಂದ್ರದಂತೆ ಅದೂ ತರಂಗಗಳನ್ನು ಹೊರಡಿಸುತ್ತದೆ. ಅದರ ಸರಾಸರಿ ಬಲ ಹೆಚ್ಚೆಂದರೆ ಒಂದು ವಾಟಿನ ಕಾಲು ಭಾಗದಷ್ಟು. ಆಸ್ಪತ್ರೆಯ ಕ್ಷ-ಕಿರಣವು ಜೀವಕೋಶದ ಅಣುಗಳನ್ನು ಒಡೆಯಬಲ್ಲುದು. ರೇಡಿಯೋ ತರಂಗಕ್ಕೆ ಆ ಕಸುವಿಲ್ಲ. ಶರೀರವನ್ನು ಹೊಕ್ಕ ರೇಡಿಯೋ ತರಂಗವು ಅಲ್ಲಿನ ನೀರಿನ ಅಣುಗಳನ್ನು ಅಲುಗಿಸಿ ಕಾವನ್ನು ಹುಟ್ಟಿಸುತ್ತದೆ. ನಮ್ಮ ಹೋಟೆಲುಗಳ ಅಡಿಗೆಮನೆಯಲ್ಲಿರುವ ಮೈಕ್ರೋವೇವ್ ಒಲೆಯು ಬೆಂಕಿಯಿಲ್ಲದೆ ಅನ್ನವನ್ನು ಬಿಸಿಮಾಡುವ ಗುಟ್ಟೂ ಇದೇ. ಆದರೆ ಆ ಒಲೆಯ ಬಲ ಎಂಟುನೂರು ವಾಟು, ಸಾವಿರ ವಾಟು; ಅದೂ ಲೋಹದ ಪೆಟ್ಟಿಗೆಯೊಳಗೆ ಬಂಧಿತವಾದ ಬಲ. ಮೊಬೈಲಿನದು ಅದರ ಸಾವಿರಾರು ಪಾಲಿನಲ್ಲಿ ಒಂದು ಪಾಲು. ಆದರೆ ಅದು ಬಯಲಿನಲ್ಲಿದೆ, ಕಿವಿಗೆ ಒತ್ತಿಕೊಂಡೇ ಇದೆ. ಆದುದರಿಂದಲೇ ಅದಕ್ಕೊಂದು ಎಲ್ಲೆ ಬೇಕಾಯಿತು.

ಎಲ್ಲೆಯನ್ನು ಅಳೆಯುವ ಮಾನಕ್ಕೆ ಎಸ್.ಎ.ಆರ್. ಎಂದು ಹೆಸರು. ಒಂದು ಕಿಲೋಗ್ರಾಂ ಶರೀರಭಾಗವು ರೇಡಿಯೋ ತರಂಗದಿಂದ ಎಷ್ಟು ವಾಟು ಶಕ್ತಿಯನ್ನು ಹೀರಿಕೊಳ್ಳುತ್ತದೆಂಬುದೇ ಈ ಅಳತೆ. ಅದು ವೇಗದ ಲೆಕ್ಕ, ಕೂಡಿಡುವ ಲೆಕ್ಕವಲ್ಲ. ಹುಟ್ಟಿದ ಕಾವನ್ನು ರಕ್ತವು ಎಡೆಬಿಡದೆ ಸಾಗಿಸುತ್ತಿರುವುದರಿಂದ, ಕೆಲವು ನಿಮಿಷಗಳಲ್ಲಿ ಕಾವು ಏರುವುದು ನಿಂತು ಒಂದು ಸಮತೋಲಕ್ಕೆ ಬರುತ್ತದೆ. ಅರ್ಧ ತಾಸು ಮಾತನಾಡಿದರೂ ಒಂದು ತಾಸು ಮಾತನಾಡಿದರೂ ಎಲ್ಲೆಯ ಅಂಕಿ ಬದಲಾಗದಿರುವುದು ಈ ಕಾರಣದಿಂದ. ಮಾತನಾಡುವಾಗ ಕಿವಿ ಬೆಚ್ಚಗಾಗುವುದನ್ನು ಕಂಡು ಅನೇಕರು ಅಂಜುತ್ತಾರೆ. ಆ ಬಿಸಿಯಲ್ಲಿ ಹೆಚ್ಚಿನ ಪಾಲು ಬ್ಯಾಟರಿಯದು ಮತ್ತು ಗಾಳಿಯಾಡದಂತೆ ಕಿವಿಗೆ ಒತ್ತಿ ಹಿಡಿದುದರದು.

ಎಲ್ಲೆ ಎಲ್ಲಿಂದ ಬಂದಿತು?

ಎರಡನೆಯ ಮಹಾಯುದ್ಧದಲ್ಲಿ ರಡಾರ್ ಯಂತ್ರಗಳು ಬಳಕೆಗೆ ಬಂದ ಮೇಲೆ, ಅವುಗಳ ಬಳಿ ದುಡಿಯುವ ಸೈನಿಕರ ಹಾಗೂ ಕಾರ್ಮಿಕರ ಆರೋಗ್ಯದ ಪ್ರಶ್ನೆ ತಲೆಯೆತ್ತಿತು. ಹರ್ಮನ್ ಶ್ವಾನ್ ಎಂಬ ವಿಜ್ಞಾನಿಯು 1953ರಲ್ಲಿ ಶರೀರವು ತಾಳಬಲ್ಲ ಕಾವನ್ನು ಲೆಕ್ಕ ಹಾಕಿ ಒಂದು ಮಿತಿಯನ್ನು ಸೂಚಿಸಿದನು: ಒಂದು ಚದರ ಸೆಂಟಿಮೀಟರಿಗೆ 10 ಮಿಲಿವಾಟು. ಅಮೆರಿಕದಲ್ಲಿ 1966ರಲ್ಲಿ ಅದುವೇ ಅಧಿಕೃತ ಮಾನಕವಾಯಿತು. ಅದೇ ಕಾಲದಲ್ಲಿ ಸೋವಿಯತ್ ರಷ್ಯವು ತನ್ನ ಕಾರ್ಮಿಕರಿಗೆ ಹಾಕಿದ್ದ ಮಿತಿಯು ಇದರ ಸಾವಿರದ ಒಂದು ಪಾಲಿನಷ್ಟು ಮಾತ್ರ ಇತ್ತು. ಕಾವಲ್ಲದೆ ಬೇರೆ ಪರಿಣಾಮಗಳೂ ಉಂಟೆಂಬುದು ಅಲ್ಲಿಯವರ ಅಭಿಪ್ರಾಯ. ಅದಕ್ಕೆ ತಕ್ಕ ಆಧಾರವಿಲ್ಲವೆಂಬುದು ಅಮೆರಿಕದವರ ಅಭಿಪ್ರಾಯ. ಇಂದಿಗೂ ಕೇಳಿಬರುವ ವಾದವಿವಾದದ ಬೇರು ಅಷ್ಟು ಹಳೆಯದು.

ಮುಂದೆ ಪ್ರಯೋಗಶಾಲೆಗಳಲ್ಲಿ ಇಲಿಗಳನ್ನೂ ಕೋತಿಗಳನ್ನೂ ಪರೀಕ್ಷಿಸಲಾಯಿತು. ಆಹಾರಕ್ಕಾಗಿ ಸನ್ನೆಯನ್ನು ಒತ್ತುವ ಕೆಲಸವನ್ನು ಕಲಿತಿದ್ದ ಈ ಪ್ರಾಣಿಗಳು, ಇಡೀ ಶರೀರವು ಕಿಲೋಗ್ರಾಮಿಗೆ ಸುಮಾರು 4 ವಾಟಿನಷ್ಟು ಶಕ್ತಿಯನ್ನು ಹೀರಿದಾಗ ಮೈಬಿಸಿ ಒಂದು ಡಿಗ್ರಿಯಷ್ಟು ಏರಿ, ಕೆಲಸವನ್ನು ಕೈಬಿಟ್ಟವು. ವೈಶಾಖದ ಸೆಕೆಯಲ್ಲಿ ಒಲೆಯ ಮುಂದೆ ನಿಂತವರಿಗೆ ಇದರ ಅರ್ಥವನ್ನು ಬಿಡಿಸಿ ಹೇಳಬೇಕಾಗಿಲ್ಲ.

ಈ 4 ವಾಟನ್ನೇ ಅಪಾಯದ ಹೊಸ್ತಿಲೆಂದು ಬಗೆದು, ರೇಡಿಯೋ ಯಂತ್ರಗಳ ಬಳಿ ತಿಳಿದು ದುಡಿಯುವವರಿಗೆ ಅದರ ಹತ್ತರ ಒಂದು ಪಾಲನ್ನೂ, ಮಕ್ಕಳು, ಮುದುಕರು, ರೋಗಿಗಳು ಸೇರಿದ ಸಾರ್ವಜನಿಕರಿಗೆ ಐವತ್ತರ ಒಂದು ಪಾಲನ್ನೂ ನಿಗದಿಮಾಡಲಾಯಿತು. ಅಂದರೆ ಇಡೀ ಶರೀರದ ಸರಾಸರಿಯಲ್ಲಿ ಸಾರ್ವಜನಿಕರ ಪಾಲಿಗೆ ಬಂದುದು ಕಿಲೋಗ್ರಾಮಿಗೆ 0.08 ವಾಟು. ಸುಮ್ಮನೆ ಕುಳಿತ ಮನುಷ್ಯನ ಶರೀರವು ತಾನಾಗಿಯೇ ಹುಟ್ಟಿಸುವ ಕಾವು ಕಿಲೋಗ್ರಾಮಿಗೆ ಒಂದು ವಾಟಿಗಿಂತ ತುಸು ಹೆಚ್ಚು ಎಂಬುದನ್ನು ನೆನೆದರೆ ಈ ಅಂಕಿಯ ಸಣ್ಣತನ ತಿಳಿಯುತ್ತದೆ.

ಮೊಬೈಲಾದರೋ ಇಡೀ ಶರೀರವನ್ನು ಕಾಯಿಸದೆ ತಲೆಯ ಒಂದು ಪಕ್ಕದಲ್ಲಿ ಮಾತ್ರ ತಗಲುತ್ತದೆ. ಅಂಥ ಸಣ್ಣ ಜಾಗಕ್ಕೆ ಬೇರೆ ಮಿತಿ. ಅಮೆರಿಕವು 1996ರಲ್ಲಿ ಅದನ್ನು ಕಿಲೋಗ್ರಾಮಿಗೆ 1.6 ವಾಟು ಎಂದು ನಿಶ್ಚಯಿಸಿ, ಯಾವುದೇ ಒಂದು ಗ್ರಾಂ ಶರೀರಭಾಗದ ಸರಾಸರಿಯೂ ಇದನ್ನು ಮೀರಬಾರದೆಂದಿತು. ಅಂತರರಾಷ್ಟ್ರೀಯ ಆಯೋಗವೊಂದು 1998ರಲ್ಲಿ ಹೊರಡಿಸಿ 2020ರಲ್ಲಿ ತಿದ್ದಿದ ಸೂತ್ರದಲ್ಲಿ, ಹತ್ತು ಗ್ರಾಮಿನ ಸರಾಸರಿಯಲ್ಲಿ 2 ವಾಟು. ಯುರೋಪಿನಲ್ಲಿ ಈ ಎರಡನೆಯದೇ ರೂಢಿ. ಎರಡಕ್ಕೂ ಇರುವ ಅಂತರವನ್ನು ಅಡಿಗೆಯವರು ಬಲ್ಲರು: ಸರಿಯಾಗಿ ಕದಡದ ಸಾಂಬಾರಿನಲ್ಲಿ ಉಪ್ಪು ಒಂದೆಡೆ ಕೂಡಿಕೊಂಡಿದ್ದರೆ, ಒಂದು ಚಮಚವನ್ನು ನೆಕ್ಕಿ ನೋಡಿದವನಿಗೆ ಅದು ಸಿಕ್ಕಿಬೀಳುತ್ತದೆ, ಹತ್ತು ಚಮಚಗಳನ್ನು ಕೂಡಿಸಿ ನೋಡಿದವನಿಗೆ ತಪ್ಪಿಹೋಗಬಹುದು. ಒಂದು ಗ್ರಾಮಿನ ನಿಯಮವು ಹೆಚ್ಚು ಬಿಗಿ.

ಭಾರತವು ಮೊದಲು, 2008ರಲ್ಲಿ, ಅಂತರರಾಷ್ಟ್ರೀಯ ಸೂತ್ರವನ್ನೇ ಸ್ವೀಕರಿಸಿತ್ತು. 2012ರ ಸೆಪ್ಟೆಂಬರ್ 1ರಿಂದ ದೂರಸಂಪರ್ಕ ಇಲಾಖೆಯು ಬಿಗಿಯಾದ ನಿಯಮವನ್ನು ಆರಿಸಿಕೊಂಡು, ಒಂದು ಗ್ರಾಮಿನ ಸರಾಸರಿಯಲ್ಲಿ 1.6 ವಾಟು ಎಂದು ಗೊತ್ತುಮಾಡಿತು; ಪ್ರತಿಯೊಂದು ಮೊಬೈಲಿನ ಎಸ್.ಎ.ಆರ್. ಅಂಕಿಯನ್ನು ಗಿರಾಕಿಗೆ ತಿಳಿಯಪಡಿಸಬೇಕೆಂದೂ ವಿಧಿಸಿತು. ವಾಚಕರು ಈಗಲೇ ತಮ್ಮ ಮೊಬೈಲಿನಲ್ಲಿ ನಕ್ಷತ್ರ, ಹ್ಯಾಶ್, ಸೊನ್ನೆ, ಏಳು, ಮತ್ತೆ ಹ್ಯಾಶ್ (*#07#) ಒತ್ತಿ ನೋಡಬಹುದು. ಅನೇಕ ಮೊಬೈಲುಗಳಲ್ಲಿ ಆ ಅಂಕಿಯು ಒಡನೆಯೇ ಕಾಣಿಸಿಕೊಳ್ಳುತ್ತದೆ.

ಅಂಕಿ ಹೇಳದಿರುವ ಮಾತು

ನಮ್ಮ ಅತಿಥಿಗಳು ಅಲ್ಲಿಯೇ ಒತ್ತಿ ನೋಡಿದರು. ಅಂಕಿ ಮಿತಿಯ ಒಳಗಿತ್ತು. "ಹಾಗಾದರೆ ಇದಕ್ಕಿಂತಲೂ ಕಡಿಮೆ ಅಂಕಿಯ ಫೋನು ಕೊಂಡರೆ ಇನ್ನೂ ಒಳ್ಳೆಯದಲ್ಲವೇ?" ಎಂದರು. ಈ ತರ್ಕ ಸಹಜವಾದುದೇ. ಆದರೆ ಅದನ್ನು ನೆಚ್ಚಿ ಹಣ ಸುರಿಯಬಾರದು.

ಪರೀಕ್ಷಾಲಯದಲ್ಲಿ ಮನುಷ್ಯನ ತಲೆಯ ಆಕಾರದ ಬೊಂಬೆಯೊಂದರಲ್ಲಿ ಶರೀರಕ್ಕೆ ಸಮಾನವಾದ ದ್ರವವನ್ನು ತುಂಬಿ, ಅದರ ಕಿವಿಗೆ ಮೊಬೈಲನ್ನು ಹಿಡಿಸಿ, ಅದು ತನ್ನ ಪೂರ್ಣಬಲದಿಂದ ತರಂಗಗಳನ್ನು ಹೊರಡಿಸುವಂತೆ ಮಾಡಿ ಅಳೆಯುತ್ತಾರೆ. ಅಳತೆಯಲ್ಲಿ ಕಂಡ ಅತಿ ಹೆಚ್ಚಿನ ಬೆಲೆಯೇ ಆ ಅಂಕಿ. ನಿತ್ಯದ ಬಳಕೆಯಲ್ಲಿ ಮೊಬೈಲು ಪೂರ್ಣಬಲವನ್ನು ಉಪಯೋಗಿಸುವುದು ಅಪರೂಪ. ಟವರು ಹತ್ತಿರವಿದ್ದರೆ ಅದು ಪಿಸುಮಾತಿನಲ್ಲಿ ಮಾತನಾಡುತ್ತದೆ. ದೂರವಿದ್ದರೆ, ನಡುವೆ ದಪ್ಪ ಗೋಡೆಗಳಿದ್ದರೆ, ಗಂಟಲು ಹರಿಯುವಂತೆ ಕೂಗುತ್ತದೆ. ಪಿಸುಮಾತಿಗೂ ಕೂಗಿಗೂ ನೂರಾರು ಪಟ್ಟು ಅಂತರವುಂಟು. ಹೀಗಿರುವಾಗ 1.2ರ ಮೊಬೈಲು ಒಳ್ಳೆಯ ಸಿಗ್ನಲಿನಲ್ಲಿ ಹೊರಡಿಸುವುದು, 0.6ರ ಮೊಬೈಲು ಕೆಟ್ಟ ಸಿಗ್ನಲಿನಲ್ಲಿ ಹೊರಡಿಸುವುದಕ್ಕಿಂತ ಎಷ್ಟೋ ಕಡಿಮೆಯಾಗಿರಬಲ್ಲುದು.

ಅಂಕಿಯನ್ನು ಸರಕಾರಗಳು ಕಣ್ಣುಮುಚ್ಚಿ ನಂಬಬೇಕಾಗಿಯೂ ಇಲ್ಲ. ಫ್ರಾನ್ಸ್ ದೇಶದ ತರಂಗ ನಿಯಂತ್ರಣ ಸಂಸ್ಥೆಯು 2023ರಲ್ಲಿ ಅಂಗಡಿಗಳಿಂದ ಮೊಬೈಲುಗಳನ್ನು ತರಿಸಿ ಪರೀಕ್ಷಿಸಿದಾಗ, ಐಫೋನ್ 12 ಎಂಬ ಮಾದರಿಯು ಕೈಯಲ್ಲಿ ಹಿಡಿದಾಗ ಅಥವಾ ಕಿಸೆಯಲ್ಲಿಟ್ಟಾಗಿನ 4 ವಾಟಿನ ಮಿತಿಗೆ ಬದಲಾಗಿ 5.74 ವಾಟನ್ನು ತೋರಿಸಿತು. ಕೂಡಲೇ ಅದರ ಮಾರಾಟವನ್ನು ತಡೆಯಲಾಯಿತು. ಕಂಪನಿಯು ಪರೀಕ್ಷೆಯ ವಿಧಾನವನ್ನು ಒಪ್ಪದಿದ್ದರೂ, ಮೊಬೈಲಿನೊಳಗಿನ ತಂತ್ರಾಂಶವನ್ನು ತಿದ್ದಿ ಕೊಡಬೇಕಾಯಿತು. ಸುರಕ್ಷತೆಯ ಅಂತರವನ್ನು ಮೊದಲೇ ಇಟ್ಟುಕೊಂಡಿರುವುದರಿಂದ, ಮಿತಿಯನ್ನು ತುಸು ಮೀರಿದೊಡನೆ ಯಾರಿಗೂ ಸುಟ್ಟಗಾಯವಾಗುವುದಿಲ್ಲ. ಆದರೂ ಮಿತಿಯನ್ನು ಮಿತಿಯೆಂದೇ ಕಾಯಬೇಕು. ಕಾಯದ ಬೇಲಿಯೊಳಗೆ ಎಷ್ಟು ಬೆಳೆಯಿದ್ದೂ ಫಲವಿಲ್ಲ.

ಎದುರಿನ ಮಾಳಿಗೆಯ ಟವರು

ಇನ್ನು ಟವರಿನ ಮಾತು. ನಮ್ಮ ಕರಾವಳಿಯ ವಾಚಕರು ಕಾಪುವಿನ ದೀಪಸ್ತಂಭವನ್ನು ಕಂಡಿರುತ್ತಾರೆ. ಅದರ ಬೆಳಕು ಸಮುದ್ರದಲ್ಲಿ ದೂರದ ದೋಣಿಗಳಿಗೆ ತಲಪುತ್ತದೆ. ಬುಡದ ಬಂಡೆಯ ಮೇಲೆ ಕುಳಿತವನಿಗೆ ಕತ್ತಲೆಯೇ. ಮೊಬೈಲು ಟವರಿನ ಆಂಟೆನಾ ಕೂಡ ತನ್ನ ತರಂಗಗಳನ್ನು ಮುಂದಕ್ಕೆ, ದಿಗಂತದ ಕಡೆಗೆ ಬೀರುತ್ತದೆ. ನೇರವಾಗಿ ಕೆಳಗಿರುವ ಮನೆಗೆ ಬರುವುದು ಅತ್ಯಲ್ಪ. ದೂರ ಹೆಚ್ಚಿದಂತೆ ತರಂಗದ ಬಲ ಬೇಗಬೇಗನೆ ಕುಗ್ಗುತ್ತದೆ: ದೂರ ಎರಡು ಪಟ್ಟಾದರೆ ಬಲ ಕಾಲು ಭಾಗಕ್ಕಿಳಿಯುತ್ತದೆ. ಜನರು ಓಡಾಡುವ ಸ್ಥಳಗಳಲ್ಲಿ ಟವರುಗಳ ತರಂಗವು ಅಂತರರಾಷ್ಟ್ರೀಯ ಮಿತಿಯ ಶೇಕಡಾ 0.002ರಿಂದ 2ರವರೆಗೆ ಮಾತ್ರ ಇದೆಯೆಂದು ವಿಶ್ವ ಆರೋಗ್ಯ ಸಂಸ್ಥೆಯು 2006ರಲ್ಲಿ ತಿಳಿಸಿತು. ಭಾರತವಾದರೋ 2012ರಲ್ಲಿ ಟವರುಗಳಿಗೆ ಆ ಅಂತರರಾಷ್ಟ್ರೀಯ ಮಿತಿಯ ಹತ್ತನೆಯ ಒಂದು ಪಾಲನ್ನೇ ಮಿತಿಯೆಂದು ಗೊತ್ತುಪಡಿಸಿತು. 2017ರಲ್ಲಿ ದೂರಸಂಪರ್ಕ ಇಲಾಖೆಯು 'ತರಂಗ್ ಸಂಚಾರ್' ಎಂಬ ಅಂತರ್ಜಾಲ ತಾಣವನ್ನು ತೆರೆದು, ತಮ್ಮ ನೆರೆಯ ಟವರು ನಿಯಮಕ್ಕೆ ಒಳಪಟ್ಟಿದೆಯೇ ಎಂಬುದನ್ನು ಸಾರ್ವಜನಿಕರು ನೋಡಲು, ಶುಲ್ಕ ತೆತ್ತು ಅಳತೆ ಮಾಡಿಸಲು ಅವಕಾಶ ಕಲ್ಪಿಸಿತು.

ಆದರೆ ಮಾಳಿಗೆಯ ಮೇಲೆ ಆಂಟೆನಾದ ಎದುರಿಗೇ, ಕೈಗೆಟಕುವಷ್ಟು ಸಮೀಪದಲ್ಲಿ ನಿಲ್ಲುವುದು ಸಲ್ಲದು. ಅಲ್ಲಿ ಎಚ್ಚರಿಕೆಯ ಫಲಕವಿರುವುದೂ ಬೇಲಿಯಿರುವುದೂ ಅದಕ್ಕಾಗಿಯೇ. ಬಟ್ಟೆ ಒಣಗಿಸುವುದಕ್ಕೆಂದು ಅದನ್ನು ದಾಟಿ ಹೋಗಬಾರದು.

ಈ ಸಂದರ್ಭದಲ್ಲಿ ನಾವು ಒಂದು ಪ್ರಶ್ನೆ ಕೇಳಿದೆವು: "ನೀವು ರಾತ್ರಿ ಎಲ್ಲಿ ಕುಳಿತು ಮಾತನಾಡುತ್ತೀರಿ?" ಅವರು ಹೇಳಿದರು: "ಕೆಳಗಿನ ಉಗ್ರಾಣದಲ್ಲಿ, ಸ್ವಾಮೀ. ಅಕ್ಕಿಮೂಟೆಯ ಮೇಲೆ. ಅಲ್ಲಿ ಗಲಾಟೆ ಇಲ್ಲ, ಯಾರೂ ಕೇಳಿಸಿಕೊಳ್ಳುವುದಿಲ್ಲ. ಆದರೆ ಸಿಗ್ನಲಿನ ಕಡ್ಡಿ ಒಂದೇ ಇರುತ್ತದೆ, ಕೂಗಿ ಮಾತನಾಡಬೇಕು."

ಕೂಗುತ್ತಿದ್ದುದು ಅವರೊಬ್ಬರೇ ಅಲ್ಲ, ಅವರ ಮೊಬೈಲೂ ಕೂಗುತ್ತಿತ್ತು! ನೆಲದಡಿಯ ಕೋಣೆಯಲ್ಲಿ, ಕಾಂಕ್ರೀಟಿನ ಗೋಡೆಗಳ ನಡುವೆ, ಅದು ತನ್ನ ಪೂರ್ಣಬಲದ ಸಮೀಪದಲ್ಲಿ ದುಡಿಯುತ್ತಿತ್ತು. ಯಾವ ಟವರನ್ನು ಕಂಡು ಅವರು ಅಂಜಿದರೋ ಅದೇ ಟವರು ಕಣ್ಣಿಗೆ ಕಾಣುವ ಬೀದಿಯ ಮೆಟ್ಟಿಲ ಮೇಲೆ ಕುಳಿತು ಮಾತನಾಡಿದ್ದರೆ, ಅವರ ತಲೆಗೆ ತಾಗುವ ತರಂಗ ಎಷ್ಟೋ ಪಾಲು ಕಡಿಮೆಯಾಗುತ್ತಿತ್ತು.

ಕ್ಯಾನ್ಸರಿನ ಭಯ

ಮಗಳು ಓದಿದ ಸಂದೇಶಕ್ಕೂ ಒಂದು ಮೂಲವಿದೆ. ಫ್ರಾನ್ಸಿನ ಲಿಯೋನ್ ನಗರದಲ್ಲಿರುವ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನ ಸಂಸ್ಥೆಯು 2011ರಲ್ಲಿ ರೇಡಿಯೋ ತರಂಗಗಳನ್ನು "ಕ್ಯಾನ್ಸರಿಗೆ ಕಾರಣವಾಗುವ ಸಾಧ್ಯತೆಯಿರುವ" ವಸ್ತುಗಳ ವರ್ಗಕ್ಕೆ ಸೇರಿಸಿತು. ಈ ವರ್ಗವು ಸಾಕ್ಷ್ಯವು ಎಷ್ಟು ಗಟ್ಟಿಯೆಂಬುದನ್ನು ಹೇಳುತ್ತದೆಯೇ ಹೊರತು ಅಪಾಯ ಎಷ್ಟು ದೊಡ್ಡದೆಂಬುದನ್ನು ಹೇಳುವುದಿಲ್ಲ. ನಮ್ಮ ಹೋಟೆಲುಗಳ ಕಾಫಿಯೂ 1991ರಿಂದ ಅದೇ ವರ್ಗದಲ್ಲಿತ್ತು. 2016ರಲ್ಲಿ ಅದನ್ನು ಅಲ್ಲಿಂದ ಬಿಡುಗಡೆಮಾಡಲಾಯಿತು. ಅದೇ ವರ್ಷ, 65 ಡಿಗ್ರಿಗಿಂತಲೂ ಬಿಸಿಯಾದ ಯಾವುದೇ ಪಾನೀಯವನ್ನು ಗಂಟಲಿಗಿಳಿಸುವುದನ್ನು ಆ ಸಂಸ್ಥೆಯು ರೇಡಿಯೋ ತರಂಗಕ್ಕಿಂತಲೂ ಒಂದು ಮೆಟ್ಟಿಲು ಮೇಲಿನ ವರ್ಗದಲ್ಲಿಟ್ಟಿತು. ಹಬೆಯಾಡುವ ಲೋಟವನ್ನು ಒಂದೇ ಗುಟುಕಿಗೆ ಮುಗಿಸುವ ನಮ್ಮ ಗಿರಾಕಿಗಳು ಇದನ್ನು ಗಮನಿಸಲಿ.

2011ರ ನಿರ್ಣಯದ ಹಿಂದೆ, ಹದಿಮೂರು ದೇಶಗಳು ಕೂಡಿ ನಡೆಸಿ 2010ರಲ್ಲಿ ಪ್ರಕಟಿಸಿದ ಅಧ್ಯಯನವೊಂದಿತ್ತು. ಒಟ್ಟಿನಲ್ಲಿ ಮೊಬೈಲು ಬಳಸುವವರಲ್ಲಿ ಮೆದುಳಿನ ಗಡ್ಡೆ ಹೆಚ್ಚಿರಲಿಲ್ಲ. ಹತ್ತು ವರ್ಷ ಕಾಲ ದಿನಕ್ಕೆ ಅರ್ಧ ತಾಸಿನಷ್ಟು, ಅಥವಾ ಅದಕ್ಕೂ ಹೆಚ್ಚು ಮಾತನಾಡಿದವರ ಗುಂಪಿನಲ್ಲಿ ಮಾತ್ರ ತುಸು ಏರಿಕೆ ಕಂಡಿತು. ಆದರೆ ರೋಗಿಗಳ ನೆನಪಿನಲ್ಲಿನ ದೋಷಗಳಿಂದಾಗಿ ಅದನ್ನು ಮೊಬೈಲಿನದೇ ಫಲವೆನ್ನಲಾಗದೆಂದು ಸಂಶೋಧಕರೇ ಹೇಳಿದರು. ವಿಶ್ವ ಆರೋಗ್ಯ ಸಂಸ್ಥೆಯ ಕೋರಿಕೆಯಂತೆ 63 ಅಧ್ಯಯನಗಳನ್ನು ಪರಿಶೀಲಿಸಿ 2024ರಲ್ಲಿ ಪ್ರಕಟವಾದ ವರದಿಯು, ಹತ್ತು ವರ್ಷಗಳಿಗೂ ಮಿಗಿಲಾಗಿ ಬಳಸಿದವರಲ್ಲಿಯೂ ಮೆದುಳಿನ ಕ್ಯಾನ್ಸರಿಗೂ ಮೊಬೈಲಿಗೂ ಸಂಬಂಧ ಕಾಣಲಿಲ್ಲವೆಂದು ತಿಳಿಸಿತು.

ಇಷ್ಟರಿಂದ ಎಲ್ಲರ ಬಾಯಿ ಮುಚ್ಚಿತೆಂದೇನೂ ಅಲ್ಲ. ಅಮೆರಿಕದ ಮೇಲ್ಮನವಿ ನ್ಯಾಯಾಲಯವೊಂದು 2021ರಲ್ಲಿ, 1996ರ ಮಿತಿಯನ್ನು ಬದಲಿಸದೆ ಉಳಿಸಿಕೊಂಡ ಅಲ್ಲಿನ ಆಯೋಗವು ಅದಕ್ಕೆ ತಕ್ಕ ಕಾರಣಗಳನ್ನು ಕೊಡಲಿಲ್ಲವೆಂದು ಆಕ್ಷೇಪಿಸಿತು. ಮಿತಿ ತಪ್ಪೆಂದು ನ್ಯಾಯಾಲಯವು ಹೇಳಲಿಲ್ಲ, ವಿವರಣೆ ಸಾಲದೆಂದಿತು. ಕೋಟ್ಯಂತರ ಜನರ ಕಿವಿಯ ವಿಷಯವಾದುದರಿಂದ ಈ ಬಗೆಯ ಪ್ರಶ್ನೆಗಳು ಏಳುತ್ತಲೇ ಇರಬೇಕೆಂದು ನಮಗೂ ಅನ್ನಿಸುತ್ತದೆ.

ಸ್ಟಿಕರಿನ ವ್ಯಾಪಾರ ಮತ್ತು ನಮ್ಮ ಸಲಹೆ

ಫುಟ್‌ಪಾತಿನ ಸ್ಟಿಕರು ಮಾತ್ರ ಶುದ್ಧ ಮೋಸ. ಅಮೆರಿಕದ ವ್ಯಾಪಾರ ಆಯೋಗವು 2002ರಲ್ಲಿಯೇ ಇಂಥ ಸರಕಿನ ಎರಡು ಕಂಪನಿಗಳ ಮೇಲೆ ಸುಳ್ಳು ಪ್ರಚಾರದ ಆರೋಪ ಹೊರಿಸಿತು. ಸ್ಟಿಕರು ತರಂಗವನ್ನು ತಡೆಯದಿದ್ದರೆ ಹಣ ವ್ಯರ್ಥ. ನಿಜವಾಗಿಯೂ ತಡೆದರೆ, ಟವರನ್ನು ಮುಟ್ಟುವುದಕ್ಕಾಗಿ ಮೊಬೈಲು ಇನ್ನಷ್ಟು ಗಟ್ಟಿಯಾಗಿ ಕೂಗಬೇಕಾಗುತ್ತದೆ. ಎರಡು ಬಗೆಯಲ್ಲಿಯೂ ನಷ್ಟ ಕೊಂಡವನಿಗೇ.

ಕಾಸಿನ ಖರ್ಚಿಲ್ಲದ ಉಪಾಯಗಳು ಇವು. ಸಿಗ್ನಲು ಚೆನ್ನಾಗಿರುವಲ್ಲಿ ನಿಂತು ಮಾತನಾಡಬೇಕು. ಲಿಫ್ಟು, ನೆಲಮಾಳಿಗೆಗಳಲ್ಲಿ ಮಾತನ್ನು ಚುಟುಕಾಗಿ ಮುಗಿಸಬೇಕು. ಮಾತು ಉದ್ದವಾಗುವುದಾದರೆ ತಂತಿಯ ಇಯರ್‌ಫೋನನ್ನೋ ಸ್ಪೀಕರನ್ನೋ ಬಳಸಿ ಮೊಬೈಲನ್ನು ತಲೆಯಿಂದ ಒಂದು ಗೇಣು ದೂರವಿಡಬೇಕು. ಆ ಒಂದು ಗೇಣಿನಲ್ಲಿಯೇ ಬಹುಪಾಲು ಬಲ ಕುಗ್ಗುತ್ತದೆ. ಮಲಗುವಾಗ ದಿಂಬಿನಡಿಯಲ್ಲಿ ಇಡಬಾರದು. ತರಂಗಕ್ಕಿಂತಲೂ ಬ್ಯಾಟರಿ ಕಾಯುವ ಭಯ ಅಲ್ಲಿ ಹೆಚ್ಚು. ಗಲ್ಲಾದ ಮೇಲೆ ಹಣ ಜಮೆಯಾಯಿತೆಂದು ಕೂಗುವ ಪೆಟ್ಟಿಗೆಯಾಗಲಿ, ಗೋಡೆಯ ವೈಫೈ ಪೆಟ್ಟಿಗೆಯಾಗಲಿ, ಒಂದು ಮೊಳ ದೂರವಿದ್ದರೆ ಚಿಂತೆಗೆ ಕಾರಣವಿಲ್ಲ. ಅಡಿಗೆಮನೆಯವರಿಗೆ ಇನ್ನೊಂದು ಮಾತು: ಮೈಕ್ರೋವೇವ್ ಒಲೆಯ ಬಾಗಿಲು ಸೊಟ್ಟಗಾಗಿದ್ದರೆ, ಕೀಲು ಸಡಿಲಿದ್ದರೆ ಅದನ್ನು ಸರಿಪಡಿಸುವವರೆಗೆ ಹಚ್ಚಬಾರದು, ಧಣಿಗಳು ಗದರಿಸಿದರೂ ಸರಿಯೆ. ಆ ಪೆಟ್ಟಿಗೆಯ ಎಲ್ಲೆಯನ್ನು ಕಾಯುವುದು ಅದರ ಬಾಗಿಲು.

ಎಲ್ಲವನ್ನೂ ಕೇಳಿದ ಮೇಲೆ ಅವರು ಸ್ಟಿಕರನ್ನು ಉಗುರಿನಿಂದ ಕೆರೆದು ತೆಗೆದು ನಮ್ಮ ಮೇಜಿನ ಮೇಲಿಟ್ಟರು. "ಹಾಗಾದರೆ ದಿನಾ ಮಾಡಬಹುದೆಂದು ಮಗಳಿಗೆ ಹೇಳಲೇ?" ಎಂದರು.

ಹೇಳಬಹುದೆಂದೆವು. ಊರು ಬಿಟ್ಟು ಬಂದು ದುಡಿಯುವವರಿಗೆ ಆ ಅರ್ಧ ತಾಸಿನ ಬೆಲೆ ಎಷ್ಟೆಂಬುದನ್ನು ಯಾವ ಆಯೋಗವೂ ಅಳೆದಿಲ್ಲ. ಉಗ್ರಾಣವನ್ನು ಬಿಟ್ಟು ಬೀದಿಯ ಮೆಟ್ಟಿಲಿಗೆ ಬಂದು ಕುಳಿತು, ತಂತಿಯನ್ನು ಕಿವಿಗೆ ಸಿಕ್ಕಿಸಿಕೊಂಡು ಮಾತನಾಡಲಿ. ಇಲ್ಲಿ ಬರೆದುದನ್ನು ಮಗಳಿಗೂ ಓದಿ ಹೇಳಲಿ. ತಂದೆಯ ತಲೆಯ ಬಗೆಗೆ ಚಿಂತೆಪಟ್ಟ ಹುಡುಗಿಗೆ ಇದರ ಲೆಕ್ಕವನ್ನೂ ತಿಳಿಯುವ ಹಕ್ಕಿದೆ.